ಕಡಿಮೆ ಖರ್ಚಿನ ಬಯೋಹ್ಯಾಕಿಂಗ್: ಕೈಯಲ್ಲಿ ಮೂರೂವರೆ ಸಾವಿರ ಇದೆ, ಮೊದಲು ಏನು ಕೊಳ್ಳಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ವಯಸ್ಸು 36, ದಿನಕ್ಕೆ ಒಂಬತ್ತು ಗಂಟೆ ಕುರ್ಚಿ ಕೆಲಸ, ಅಪ್ಪನಿಗೆ ಸಕ್ಕರೆ ಕಾಯಿಲೆ. ನನಗಿನ್ನೂ ಏನೂ ಪತ್ತೆಯಾಗಿಲ್ಲ, ಯಾವ ಮಾತ್ರೆಯೂ ನಡೀತಿಲ್ಲ. ಬಯೋಹ್ಯಾಕಿಂಗ್ (ಊಟ, ನಿದ್ದೆ, ಅಭ್ಯಾಸ ಬದಲಿಸಿ, ಅಳೆದು ನೋಡಿ ಮೈಯನ್ನು ಸುಧಾರಿಸಿಕೊಳ್ಳೋದು) ಅಂತ ಹುಡುಕಿದರೆ ಸ್ಮಾರ್ಟ್ ರಿಂಗು, ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್, ಕೆಂಪು ದೀಪ, ಐಸ್ ಟಬ್ಬು ಅಂತೆಲ್ಲ ತೋರಿಸ್ತಾರೆ. ಒಂದಕ್ಕಿಂತ ಒಂದು ದುಬಾರಿ. ನನ್ನ ಬಜೆಟ್ ಒಂದು ಸಲಕ್ಕೆ 3,500 ರೂಪಾಯಿ, ಆಮೇಲೆ ತಿಂಗಳಿಗೆ 400.

ಯಾವ ಉಪಕರಣ ಮೊದಲು? ರಕ್ತಪರೀಕ್ಷೆ ಯಾವುದು ಬೇಕು, ಯಾವುದು ಬೇಡ? ವಿಟಮಿನ್ ಮಾತ್ರೆ ಶುರು ಮಾಡಬಹುದಾ? ಎಲ್ಲಕ್ಕಿಂತ ಮುಖ್ಯವಾಗಿ, ಏನೋ ಬದಲಾವಣೆ ಮಾಡಿದೆ ಅಂತಿಟ್ಟುಕೊಳ್ಳಿ, ಅದು ಕೆಲಸ ಮಾಡ್ತಿದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ?

ಲೆಕ್ಕದ_ಪುಸ್ತಕ

ನಿಮ್ಮ ಕೊನೆಯ ಪ್ರಶ್ನೆಯೇ ಮೊದಲನೆಯದಾಗಬೇಕಿತ್ತು ಸರ್. ಅಳತೆ ಇಲ್ಲದೆ ಮಾಡಿದ್ದು ಹ್ಯಾಕಿಂಗ್ ಅಲ್ಲ, ಶಾಪಿಂಗ್. ಹಾಗಾಗಿ ದುಡ್ಡೆಲ್ಲ ಅಳತೆಗೇ ಹೋಗಲಿ: ದರ್ಜಿಯ ಟೇಪು (20–30 ರೂಪಾಯಿ), ತೋಳಿಗೆ ಕಟ್ಟುವ ಬಿಪಿ ಮಷೀನು (1,500ರಿಂದ 2,500), ಬೆರಳ ರಕ್ತದ ಸಕ್ಕರೆ ನೋಡುವ, 25 ಸ್ಟ್ರಿಪ್ (ರಕ್ತದ ಹನಿ ಮುಟ್ಟಿಸುವ ಕಡ್ಡಿ) ಜೊತೆಗೆ ಬರುವ ಗ್ಲೂಕೋಮೀಟರ್ (600–900), ಗೆರೆ ಹಾಕಿದ ಒಂದು ನೋಟ್‌ಬುಕ್ಕು. ಆ್ಯಪ್ ಬೇಡ. ನೋಟ್‌ಬುಕ್ಕಿನಲ್ಲಾದರೆ ಒಂದು ತಿಂಗಳು ಒಂದೇ ಪುಟದಲ್ಲಿ ಕಣ್ಣಿಗೆ ಬೀಳುತ್ತೆ.

ಟೇಪಿನಿಂದ ಶುರು ಮಾಡಿ. ಸೊಂಟದ ಸುತ್ತಳತೆ ಅಂದರೆ ಪ್ಯಾಂಟಿನ ಅಳತೆ ಅಲ್ಲ. ಪಕ್ಕೆಲುಬಿನ ಕೊನೆಯ ಮೂಳೆ ಎಲ್ಲಿ ಮುಗಿಯುತ್ತೆ, ಸೊಂಟದ ಮೂಳೆ ಎಲ್ಲಿ ಶುರುವಾಗುತ್ತೆ ಅಂತ ಬೆರಳಲ್ಲಿ ಒತ್ತಿ ನೋಡಿ, ಎರಡರ ನಡುವೆ ಬರಿ ಮೈಮೇಲೆ ಟೇಪು ಸುತ್ತಿ. ಸಹಜವಾಗಿ ಉಸಿರು ಬಿಟ್ಟ ಕೊನೆಗೆ ಓದಿ, ಹೊಟ್ಟೆ ಎಳೆದುಕೊಳ್ಳಬೇಡಿ. ಭಾರತೀಯರಿಗೆ ಗಡಿ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80. ಸೊಂಟ ನಿಮ್ಮ ಎತ್ತರದ ಅರ್ಧ ದಾಟಬಾರದು ಅನ್ನೋದು ಇನ್ನೂ ಸುಲಭದ ಲೆಕ್ಕ, 170 ಸೆಂ.ಮೀ. ಎತ್ತರಕ್ಕೆ 85. ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು. ತೂಕಕ್ಕಿಂತ ಇದೇ ಹೆಚ್ಚು ಹೇಳುತ್ತೆ, ಯಾಕೆಂದರೆ ತೂಕ ಒಂದೇ ದಿನದಲ್ಲಿ ನೀರು, ಉಪ್ಪು, ಮಲಬದ್ಧತೆಯ ಮೇಲೆ ಒಂದೆರಡು ಕೆಜಿ ಆಚೀಚೆ ಆಗುತ್ತೆ.

ಬಿಪಿ ಮಷೀನು ಕೊಳ್ಳುವ ಮುಂಚೆ ಅದೇ ಟೇಪಿನಿಂದ ರಟ್ಟೆಯ ನಡುಭಾಗ ಅಳೆಯಿರಿ. ತೋಳಿಗೆ ಸುತ್ತುವ ಮಾಮೂಲಿ ಪಟ್ಟಿ 22ರಿಂದ 32 ಸೆಂ.ಮೀ. ರಟ್ಟೆಗೆ. ನಿಮ್ಮದು 34 ಇದ್ದು ಅದೇ ಪಟ್ಟಿ ಬಿಗಿದರೆ ಇಲ್ಲದ ಬಿಪಿ ಕಾಣಿಸುತ್ತೆ, ಆಗ ದೊಡ್ಡ ಪಟ್ಟಿಯದೇ ಕೇಳಿ. ಮಣಿಕಟ್ಟಿನ ಮಷೀನು ಬೇಡ, ಕೈ ಎದೆಯ ಮಟ್ಟದಿಂದ ಸ್ವಲ್ಪ ಕೆಳಗಿದ್ದರೂ ಓದು ಏರುತ್ತೆ. ಯಾವ ಮಾದರಿ ಪರೀಕ್ಷೆಯಲ್ಲಿ ಪಾಸಾಗಿದೆ ಅಂತ ಸ್ಟ್ರೈಡ್ ಬಿಪಿ ಅನ್ನುವ ವೆಬ್‌ಸೈಟಿನಲ್ಲಿ ಉಚಿತವಾಗಿ ನೋಡಬಹುದು.

ಅಳೆಯುವ ಕ್ರಮ ಹೀಗೆ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಸಿಗರೇಟು, ವ್ಯಾಯಾಮ ಇಲ್ಲ. ಮೂತ್ರಕ್ಕೆ ಹೋಗಿ ಬನ್ನಿ. ಕುರ್ಚಿಗೆ ಬೆನ್ನು ಕೊಟ್ಟು, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂತಿರಿ. ಪಟ್ಟಿ ಬರಿ ತೋಳಿನ ಮೇಲೆ, ತೋಳು ಮೇಜಿನ ಮೇಲೆ, ಎದೆಯ ಮಟ್ಟದಲ್ಲಿ. ಮಾತು ಬೇಡ, ಫೋನು ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ಬೆಳಿಗ್ಗೆ, ಎರಡು ಸಲ ಸಂಜೆ, ಏಳು ದಿನ. ಮೊದಲ ದಿನದ್ದು ಹೊಡೆದುಹಾಕಿ, ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಮುಟ್ಟಿದರೆ ಅದು ಕ್ಲಿನಿಕ್ಕಿನ 140/90ಕ್ಕೆ ಸಮ, ವೈದ್ಯರಿಗೆ ಆ ಪುಟ ತೋರಿಸಿ. ಆ ವಾರ ಮುಗಿದ ಮೇಲೆ ದಿನಾ ಅಳೆಯಬೇಡಿ, ಮೂರು ತಿಂಗಳಿಗೊಂದು ವಾರ ಸಾಕು. ದಿನಾ ನೋಡುವವರಿಗೆ ನೋಡುವ ಗಾಬರಿಗೇ ಬಿಪಿ ಏರುತ್ತೆ.

ನಾಡಿಗೆ ಕಾಸಿನ ಖರ್ಚಿಲ್ಲ. ಎಚ್ಚರವಾದ ಕೂಡಲೆ, ಏಳುವ ಮುಂಚೆ, ಮಣಿಕಟ್ಟಿನಲ್ಲಿ ಬೆರಳಿಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಎಣಿಕೆಯ ಒಂದು ತಪ್ಪು ನಾಲ್ಕಾಗುತ್ತೆ. ವಾರದ ಸರಾಸರಿಗಿಂತ ಏಳೆಂಟು ಹೆಚ್ಚು ಬಂದ ದಿನ ನಿದ್ದೆ ಕೆಟ್ಟಿದೆ, ಇಲ್ಲ ಹಿಂದಿನ ರಾತ್ರಿ ಕುಡಿದಿದ್ದೀರಿ, ಇಲ್ಲ ಜ್ವರ ಬರ್ತಿದೆ. ಅವತ್ತು ಭಾರದ ವ್ಯಾಯಾಮ ಬಿಡಿ.

ಗ್ಲೂಕೋಮೀಟರ್ ಬಗ್ಗೆ ಒಂದೇ ಎಚ್ಚರಿಕೆ: ಮೀಟರ್ ಬೆಲೆ ನೋಡಬೇಡಿ, ಸ್ಟ್ರಿಪ್ ಬೆಲೆ ನೋಡಿ. ಅಗ್ಗದ ಮೀಟರ್‌ಗೆ ತುಟ್ಟಿ ಸ್ಟ್ರಿಪ್ ಕಟ್ಟಿಹಾಕಿರ್ತಾರೆ, ಒಂದು ಕಂಪನಿಯದು ಇನ್ನೊಂದಕ್ಕೆ ಆಗಲ್ಲ.

ತುಂಗಾತೀರ

ತುಂಬ ಥ್ಯಾಂಕ್ಸ್ ಸರ್. ಮೀಟರ್ ಬಂತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 118. ಗಾಬರಿಯಾಗಿ ಎರಡು ನಿಮಿಷಕ್ಕೆ ಇನ್ನೊಂದು ಬೆರಳಲ್ಲಿ ನೋಡಿದರೆ 104. ಯಾವುದು ಸರಿ? ಮೀಟರ್ ವಾಪಸ್ ಕಳಿಸಲಾ?

ಲೆಕ್ಕದ_ಪುಸ್ತಕ

ಕಳಿಸಬೇಡಿ, ಎರಡೂ ಸರಿ ಇರಬಹುದು. ಮನೆಯ ಮೀಟರ್‌ಗಳಿಗೆ ಇರುವ ಐಎಸ್‌ಒ 15197 ಅನ್ನುವ ಅಂತಾರಾಷ್ಟ್ರೀಯ ಮಾನದಂಡದಲ್ಲೇ 100ಕ್ಕಿಂತ ಕೆಳಗೆ ಆಚೀಚೆ 15 ಅಂಕ, 100 ಮತ್ತು ಮೇಲೆ ಶೇಕಡ 15ರಷ್ಟು ವ್ಯತ್ಯಾಸಕ್ಕೆ ಅವಕಾಶ ಇದೆ. ಅಷ್ಟರೊಳಗೆ ನೂರಕ್ಕೆ 95 ಓದು ಬಂದರೆ ಪಾಸು. ನಿಮ್ಮ ನಿಜವಾದ ಸಕ್ಕರೆ 110 ಅಂತಿಟ್ಟುಕೊಂಡರೆ 94ರಿಂದ 126ರವರೆಗೆ ಏನು ತೋರಿಸಿದರೂ ಮೀಟರ್ ತಪ್ಪಿಲ್ಲ. ಆ ಒಂದು ಅಳತೆಯೊಳಗೆ ಒಬ್ಬ ಆರೋಗ್ಯವಂತನೂ ಇದ್ದಾನೆ, ಒಬ್ಬ ಡಯಾಬಿಟಿಸ್ ರೋಗಿಯೂ ಇದ್ದಾನೆ. ಅದಕ್ಕೇ ಮೀಟರ್ ನೋಡಿ ರೋಗ ಇದೆ, ಇಲ್ಲ ಅಂತ ತೀರ್ಮಾನಿಸಬಾರದು. ಆ ಕೆಲಸ ಲ್ಯಾಬಿನದು: ಖಾಲಿ ಹೊಟ್ಟೆಯ ಸಿರೆಯ ರಕ್ತ 100ಕ್ಕಿಂತ ಕಡಿಮೆ ಇದ್ದರೆ ಸರಿ, 100–125 ಗಡಿ, 126 ಅಥವಾ ಮೇಲೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಿ ಖಚಿತಪಡಿಸಬೇಕು.

ಮೀಟರ್ ಇರೋದು ಹೋಲಿಕೆಗೆ. ಅದು ಯಾವಾಗಲೂ ಹತ್ತು ಅಂಕ ಜಾಸ್ತಿ ತೋರಿಸುವ ಮೀಟರ್ ಆಗಿದ್ದರೂ ಎರಡು ಊಟ ಹೋಲಿಸುವಾಗ ಆ ಹತ್ತು ಎರಡೂ ಕಡೆ ಇರುತ್ತೆ, ಕಳೆದರೆ ಹೋಗುತ್ತೆ. ಉಳಿಯುವ ಏರಿಳಿತ ಸಾಯಬೇಕಾದರೆ ಮತ್ತೆ ಮತ್ತೆ ಅಳೆಯಬೇಕು. ನಾಲ್ಕು ಓದಿನ ಸರಾಸರಿ ತೆಗೆದರೆ ಆ ಏರಿಳಿತ ಅರ್ಧಕ್ಕಿಳಿಯುತ್ತೆ.

ಮೊದಲು ಕೈಯಿಂದ ಆಗುವ ತಪ್ಪು ತೆಗೆಯೋಣ. ಸೋಪಿನಲ್ಲಿ ಕೈ ತೊಳೆದು ಪೂರ್ತಿ ಒರೆಸಿ. ಬಾಳೆಹಣ್ಣು ಸುಲಿದ ಬೆರಳಿನಲ್ಲಿ ನೋಡಿದರೆ ಹಣ್ಣಿನ ಸಕ್ಕರೆಯೇ ಓದಿಗೆ ಬರುತ್ತೆ, ಸ್ಪಿರಿಟ್ ಹಚ್ಚಿದರೆ ಅದು ಹೋಗಲ್ಲ. ಒದ್ದೆ ಬೆರಳಲ್ಲಿ ರಕ್ತ ತೆಳ್ಳಗಾಗಿ ಕಡಿಮೆ ಬರುತ್ತೆ. ಚುಚ್ಚುವುದು ಬೆರಳ ತುದಿಯ ಪಕ್ಕಕ್ಕೆ, ನಡುವೆ ಅಲ್ಲ. ನಡುವೆ ನೋವು ಜಾಸ್ತಿ, ರಕ್ತವೇನೂ ಜಾಸ್ತಿ ಬರಲ್ಲ. ರಕ್ತ ಬರದಿದ್ದರೆ ಕೈ ಕೆಳಗೆ ಇಳಿಬಿಟ್ಟು ಹತ್ತು ಸಲ ಮುಷ್ಟಿ ಬಿಗಿದು ಬಿಡಿ. ಬೆರಳನ್ನು ಹಿಂಡಿದರೆ ಅಂಗಾಂಶದ ನೀರು ಸೇರಿಕೊಂಡು ಓದು ಕೆಡುತ್ತೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೆ ಹಾಕಿ. ನಿಮ್ಮದು ಮಲೆನಾಡು ಅನಿಸುತ್ತೆ. ಅಲ್ಲಿಯ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಬೇಗ ಹಾಳು. ಡಬ್ಬಿ ತೆರೆದ ದಿನಾಂಕ ಅದರ ಮೇಲೇ ಬರೆದಿಡಿ, ತೆರೆದ ಮೇಲೆ ಎಷ್ಟು ತಿಂಗಳು ಅಂತ ಅದರಲ್ಲೇ ಅಚ್ಚು ಹಾಕಿರ್ತಾರೆ. ಇನ್ನೊಂದು ವಿಷಯ, ರಕ್ತಹೀನತೆ ಇರುವವರಿಗೆ ಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತೆ.

ಇನ್ನು ಪ್ರಯೋಗ. ಪ್ರಶ್ನೆ ಒಂದೇ ಇರಲಿ: ‘ಅನ್ನಕ್ಕೆ ಮುಂಚೆ ಪಲ್ಯ, ಕಾಳು ತಿಂದರೆ ನನ್ನ ಸಕ್ಕರೆ ಕಡಿಮೆ ಏರುತ್ತಾ?’ ಎಂಟು ಮಧ್ಯಾಹ್ನ ಒಂದೇ ಊಟ, 200 ಗ್ರಾಂ ಅನ್ನ, ಒಂದು ಬಟ್ಟಲು ಪಲ್ಯ, ಒಂದು ಬಟ್ಟಲು ಹುಳಿ. ನಾಲ್ಕು ದಿನ ಎಲ್ಲ ಕಲಸಿ ತಿನ್ನಿ, ನಾಲ್ಕು ದಿನ ಪಲ್ಯ ಮತ್ತು ಹುಳಿಯ ಕಾಳು ಮೊದಲು ತಿಂದು, ಹತ್ತು ನಿಮಿಷ ಬಿಟ್ಟು ಅನ್ನ. ಯಾವ ದಿನ ಯಾವುದು ಅನ್ನೋದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ಒಂದಕ್ಕೆ ನಾಲ್ಕು ದಿನ ತುಂಬಿದರೆ ಉಳಿದವೆಲ್ಲ ಇನ್ನೊಂದಕ್ಕೆ. ನಿಮಗೆ ಬಿಟ್ಟರೆ ಹಸಿವು ಜಾಸ್ತಿ ಇದ್ದ ದಿನ ಕಲಸಿ ತಿಂತೀರಿ, ಲೆಕ್ಕ ಕೆಡುತ್ತೆ. ಊಟಕ್ಕೆ ಮುಂಚೆ ಒಂದು ಸ್ಟ್ರಿಪ್, ಮೊದಲ ತುತ್ತಿನಿಂದ 60 ನಿಮಿಷಕ್ಕೆ ಇನ್ನೊಂದು. ಊಟ ಮುಗಿಸಿದಾಗಿನಿಂದ ಗಡಿಯಾರ ನೋಡಿದರೆ ಶಿಖರ ತಪ್ಪಿಹೋಗುತ್ತೆ. ಎಂಟು ಊಟಕ್ಕೆ 16 ಸ್ಟ್ರಿಪ್, 15–20 ರೂಪಾಯಿ ಲೆಕ್ಕದಲ್ಲಿ 240ರಿಂದ 320. ನಿಮ್ಮ ತಿಂಗಳ ಬಜೆಟ್ಟಿನೊಳಗೇ ಬಂತು.

ಎರಡು ಗುಂಪಿನ ಏರಿಕೆಯ ಸರಾಸರಿ ನೋಡಿ. ವ್ಯತ್ಯಾಸ ಐದಾರು ಅಂಕ ಇದ್ದರೆ ಅದು ಮೀಟರಿನ ಗೊಣಗಾಟ, ಮರೆತುಬಿಡಿ. ಇಪ್ಪತ್ತು ದಾಟಿದರೆ ಆ ಅಭ್ಯಾಸ ಇಟ್ಟುಕೊಳ್ಳಿ. ಊಟವಾದ ಮೇಲೆ ಬೆರಳ ರಕ್ತದ ಸಕ್ಕರೆ ಸಿರೆಯದಕ್ಕಿಂತ ಜಾಸ್ತಿಯೇ ಇರುತ್ತೆ, ಅದನ್ನು ಲ್ಯಾಬಿನ ಅಂಕಿಯ ಪಕ್ಕ ಇಟ್ಟು ಹೆದರಬೇಡಿ.

ಜ್ವಾಳದ_ರೊಟ್ಟಿ

ಊಟದ ಸುದ್ದಿ ಬಂತಂತ ನಾನೂ ಎರಡು ಮಾತು ಸೇರಸ್ತೀನ್ರಿ. ನಮ್ಮ ಕಡೆ ಜ್ವಾಳದ ರೊಟ್ಟಿ, ಮೈಸೂರ ಕಡೆ ರಾಗಿ ಮುದ್ದಿ, ಎರಡಕ್ಕೂ ‘ಶುಗರ್ ಏರಂಗಿಲ್ಲ’ ಅನ್ನೋ ಹೆಸರು ಬಂದುಬಿಟ್ಟೈತಿ. ಲೆಕ್ಕ ನೋಡ್ರಿ: ನೂರು ಗ್ರಾಂ ಅಕ್ಕಿಯೊಳಗ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್, ರಾಗಿ, ಜ್ವಾಳದೊಳಗ ಸುಮಾರು 67. ನಾರು ಜಾಸ್ತಿ ಐತಿ, ರಾಗಿಯೊಳಗ ಕ್ಯಾಲ್ಸಿಯಂ ನೂರು ಗ್ರಾಂಗೆ 364 ಮಿ.ಗ್ರಾಂ, ಅದೆಲ್ಲ ಖರೇ. ಆದ್ರ ಎರಡು ದೊಡ್ಡ ಮುದ್ದಿ ಉಂಡು ಸಕ್ಕರೆ ಏರಬಾರದು ಅಂದ್ರ ಹೆಂಗ? ಅದರಾಗೂ ನುಣ್ಣಗ ಬೀಸಿ, ತೆಳ್ಳಗ ಕಾಸಿದ ರಾಗಿ ಗಂಜಿ, ಅದಕ್ಕ ಬೆಲ್ಲ, ಇದು ಹೊಟ್ಟಿಯೊಳಗ ಬಾಳ ಹೊತ್ತು ನಿಲ್ಲಂಗಿಲ್ರಿ. ನಿಮ್ಮ ಮೀಟರಿನಾಗ ಮುದ್ದಿ ಒಂದಿನ, ಅಷ್ಟ ಹಿಟ್ಟಿನ ಗಂಜಿ ಒಂದಿನ ನೋಡ್ರಿ.

ಪಲ್ಯ ಮೊದಲು ತಿನ್ನೋದರ ಬಗ್ಗೆ 2015ರಾಗ ನ್ಯೂಯಾರ್ಕಿನ ವೈಲ್ ಕಾರ್ನೆಲ್‌ನವರು ಮಾಡಿದ ಅಧ್ಯಯನ ಐತಿ, ಆದ್ರ ಅದರಾಗ ಇದ್ದವರು ಹನ್ನೊಂದೇ ಮಂದಿ, ಎಲ್ಲರೂ ಡಯಾಬಿಟಿಸ್ ಇದ್ದವರು. ಅದಕ್ಕ ನಿಮ್ಮ ಮೈಯೊಳಗ ನೀವ ನೋಡೋದು ಚಲೋ.

ಇನ್ನೊಂದು, ಉಂಡ ಮ್ಯಾಲೆ ಹದಿನೈದು ನಿಮಿಷ ಅಡ್ಡಾಡ್ರಿ. ಉಂಡು ಅರ್ಧ ತಾಸಿನೊಳಗ ಹೊರಡಬೇಕು. ಸಕ್ಕರೆ ಏರೋ ಹೊತ್ತಿಗೆ ಕಾಲಿನ ಸ್ನಾಯು ಅದನ್ನ ಎಳಕೊಳ್ಳಬೇಕು, ಅದಕ್ಕ. ಎರಡು ತಾಸು ಬಿಟ್ಟು ಹೋದ್ರ ವ್ಯಾಯಾಮ ಆಗತೈತಿ, ಈ ಲಾಭ ಸಿಗಂಗಿಲ್ಲ. ಮಳಿ ಇದ್ರ ಮನಿಯೊಳಗ ಹಿಮ್ಮಡಿ ಎತ್ತಿ ಇಳಿಸೋದು, ಜಿನಿ ಹತ್ತೋದು ನಡೀತೈತಿ.

ಉಪ್ಪು ಎಣ್ಣಿ ಅಳಿಯಾಕ ತಕ್ಕಡಿ ಬ್ಯಾಡ್ರಿ, ಕ್ಯಾಲೆಂಡರ್ ಸಾಕು. ಒಬ್ಬರಿಗೆ ದಿನಕ್ಕ ಉಪ್ಪು ಐದು ಗ್ರಾಂ ಮಿತಿ. ನಾಲ್ಕು ಮಂದಿ ಇದ್ರ ಒಂದು ಕೆಜಿ ಉಪ್ಪು 50 ದಿನ ಬರಬೇಕು. ಪಾಕೀಟು ಒಡದ ದಿನ ಗುರುತು ಹಾಕ್ರಿ. ಉಪ್ಪಿನಕಾಯಿ, ಹಪ್ಪಳ, ಬೇಕರಿದು ಇದರಾಗ ಲೆಕ್ಕಕ್ಕ ಬರಂಗಿಲ್ಲ, ಅಂದ್ರ 50 ದಿನ ಬಂದ್ರೂ ನೀವು ಮಿತಿ ದಾಟೀರಿ ಅಂತ ತಿಳೀರಿ. ಎಣ್ಣಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2000 ಕ್ಯಾಲರಿ ಊಟಕ್ಕ 27 ಗ್ರಾಂ ಹೇಳೈತಿ. ನಾಲ್ಕು ಮಂದಿಗೆ ಒಂದು ಲೀಟರ್ ಎಂಟೊಂಬತ್ತು ದಿನ. ನಮ್ಮ ಮನಿಗಳಾಗ ಐದ ದಿನಕ್ಕ ಮುಗೀತೈತಿ, ಬದನಿಕಾಯಿ ಎಣ್ಣಿಗಾಯಿ ಮಾಡಿದ ವಾರ ಕೇಳಬ್ಯಾಡ್ರಿ.

ಕಡಿಮಿ ಸೋಡಿಯಂ ಉಪ್ಪು ಬಿಪಿಗೆ ಚಲೋ ಖರೆ, ಆದ್ರ ಅದರಾಗ ಪೊಟ್ಯಾಸಿಯಂ ಇರತೈತಿ. ಕಿಡ್ನಿ ತೊಂದರಿ ಇದ್ದವರು, ಟೆಲ್ಮಿಸಾರ್ಟನ್, ರಾಮಿಪ್ರಿಲ್ ಇಂಥಾ ಬಿಪಿ ಗುಳಗಿ ತಗೊಳೋರು ಮನಿಯೊಳಗ ಇದ್ರ ಡಾಕ್ಟರನ್ನ ಕೇಳದ ಆ ಪಾಕೀಟು ತರಬ್ಯಾಡ್ರಿ. ಒಂದ ಅಡಗಿ ಎಲ್ಲಾರೂ ಉಣ್ತಾರ, ನೆನಪಿರಲಿ.

ಗುಳಿಗೆ_ಡಬ್ಬಿ

ಮಾತ್ರೆ ಮತ್ತು ರಕ್ತಪರೀಕ್ಷೆಯ ಪ್ರಶ್ನೆಗೆ ಔಷಧ ಅಂಗಡಿಯ ಕಡೆಯಿಂದ ಉತ್ತರ.

‘ಫುಲ್ ಬಾಡಿ ಚೆಕಪ್, 90 ಪರೀಕ್ಷೆ’ ಅನ್ನೋ ಪ್ಯಾಕೇಜು ಬೇಡ. ಸಹಜ ಮಿತಿಯನ್ನು ಹಾಕುವುದೇ ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವ ಹಾಗೆ. ಅಂದರೆ ಏನೂ ಇಲ್ಲದವರು 90 ಪರೀಕ್ಷೆ ಮಾಡಿಸಿದರೂ ನಾಲ್ಕೈದರಲ್ಲಿ ಕೆಂಪಕ್ಷರ ಬಂದೇ ಬರುತ್ತೆ. ಆಮೇಲೆ ಆ ಕೆಂಪಕ್ಷರದ ಹಿಂದೆ ಓಡುವ ಖರ್ಚು ಬೇರೆ. ನಿಮ್ಮ ವಯಸ್ಸಿಗೆ, ತಂದೆಗೆ ಡಯಾಬಿಟಿಸ್ ಇರುವಾಗ ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ), ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬು), ಹಿಮೋಗ್ಲೋಬಿನ್ ಇರುವ ರಕ್ತಕಣ ಎಣಿಕೆ, ಕ್ರಿಯಾಟಿನಿನ್ (ಕಿಡ್ನಿಗೆ). ಸಸ್ಯಾಹಾರಿ ಆಗಿದ್ದರೆ ವಿಟಮಿನ್ ಬಿ12. ಇಷ್ಟೇ. ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನಗರಗಳಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ನಲ್ಲಿ ಉಚಿತ. ಅಲ್ಲಿಂದಲೇ ಶುರು ಮಾಡಿ.

ಎಚ್‌ಬಿಎ1ಸಿ 5.7ರಿಂದ 6.4 ಗಡಿರೇಖೆ, 6.5 ಡಯಾಬಿಟಿಸ್. ಆದರೆ ಕಬ್ಬಿಣದ ಕೊರತೆ ಇದ್ದರೆ ಅದು ಸುಳ್ಳೇ ಮೇಲೆ ಹೋಗುತ್ತೆ. ನಮ್ಮ ಹೆಣ್ಣುಮಕ್ಕಳಲ್ಲಿ ಕಬ್ಬಿಣ ಕಡಿಮೆ ಇರೋದು ಮಾಮೂಲು, ಹಾಗಾಗಿ 5.9 ಬಂದ ಕೂಡಲೆ ಗಾಬರಿಯಾಗದೆ ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. ಕೂದಲಿಗೆ ಅಂತ ಬಯೋಟಿನ್ ತಗೊಳ್ತಿದ್ದರೆ ಥೈರಾಯ್ಡ್ ರಿಪೋರ್ಟು ತಪ್ಪಾಗಿ ಬರಬಹುದು. ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

ವಿಟಮಿನ್ ಡಿ: ಅಂಗಡಿಯಲ್ಲಿ ಸಿಗುವ 60,000 ಯೂನಿಟ್ಟಿನ ಪುಡಿ ಪೊಟ್ಟಣ ವೈದ್ಯರು ಬರೆಯುವುದು ಸಾಮಾನ್ಯವಾಗಿ ವಾರಕ್ಕೊಂದು, ಎಂಟು ವಾರ. ಅದನ್ನು ದಿನಕ್ಕೊಂದು ಅಂತ ಓದಿಕೊಳ್ಳೋರು, ಎಂಟು ವಾರ ಮುಗಿದರೂ ವರ್ಷಗಟ್ಟಲೆ ಮುಂದುವರಿಸೋರು ಇಬ್ಬರೂ ಇದ್ದಾರೆ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಹೆಚ್ಚಾದದ್ದು ಮೂತ್ರದಲ್ಲಿ ಹೋಗಲ್ಲ. ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿ ಬಾಯಾರಿಕೆ, ಕೊನೆಗೆ ಕಿಡ್ನಿಗೆ ಪೆಟ್ಟು. ಬಿಸಿಲು ಪುಕ್ಕಟೆ, ಆದರೆ ‘ಬೆಳಗಿನ ಎಳೆಬಿಸಿಲು’ ಇದಕ್ಕೆ ಬರಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನಲ್ಲಿ ಮಾತ್ರ ಬೇಕಾದ ಕಿರಣ ಸಾಕಷ್ಟು ಇರುತ್ತೆ, ಸುಮಾರು ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡೂವರೆ. ಕಿಟಕಿಯ ಗಾಜು ಅದನ್ನು ತಡೆಯುತ್ತೆ. ಕೈಕಾಲು ಬಿಸಿಲಿಗೆ ತೋರಿ, ಚರ್ಮ ಚುರುಗುಟ್ಟುವ ಮುಂಚೆ ಒಳಗೆ ಬನ್ನಿ.

ಬಿ12: 200ಕ್ಕಿಂತ ಕಡಿಮೆ ಇದ್ದರೆ ಕೊರತೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ನುಂಗುವವರಲ್ಲಿ ಇದು ಇಳಿಯುತ್ತೆ, ನಿಮ್ಮ ತಂದೆಯವರದ್ದೂ ನೋಡಿಸಿ. ಮಾತ್ರೆಗಳನ್ನು ಜನೌಷಧಿ ಕೇಂದ್ರದಲ್ಲಿ ಕೇಳಿ, ಬ್ರ್ಯಾಂಡಿನ ಬೆಲೆಯಲ್ಲಿ ಸಣ್ಣ ಪಾಲಿಗೆ ಸಿಗುತ್ತೆ.

ಕ್ರಿಯಾಟಿನ್ (ಸ್ನಾಯುವಿನ ಬಲಕ್ಕೆ ತಗೊಳ್ಳುವ ಪುಡಿ; ಕ್ರಿಯಾಟಿನಿನ್ ಬೇರೆ): ಭಾರ ಎತ್ತುವವರಿಗೆ ದಿನಕ್ಕೆ 3ರಿಂದ 5 ಗ್ರಾಂ ಮಾನೋಹೈಡ್ರೇಟ್. ಪುರಾವೆ ಗಟ್ಟಿಯಾಗಿರುವ ಕೆಲವೇ ಪುಡಿಗಳಲ್ಲಿ ಇದೊಂದು, ಮಾಂಸ ತಿನ್ನದವರಿಗೆ ಪರಿಣಾಮ ಚೆನ್ನಾಗಿ ಕಾಣುತ್ತೆ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿ ಕಾಣಿಸಬಹುದು, ವೈದ್ಯರಿಗೆ ಪುಡಿಯ ವಿಷಯ ಹೇಳದಿದ್ದರೆ ಅವರು ಕಿಡ್ನಿಯನ್ನು ಅನುಮಾನಿಸ್ತಾರೆ. ಪ್ರೋಟೀನ್ ಪುಡಿಗೆ ಮುಂಚೆ ಅಡುಗೆಮನೆ ನೋಡಿ. ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಅನ್ನೋದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕ, 70 ಕೆಜಿಗೆ 58 ಗ್ರಾಂ. ಒಣ ಸೋಯಾ ಚಂಕ್ಸ್ 50 ಗ್ರಾಮಿನಲ್ಲಿ ಸುಮಾರು 26, ಮೊಟ್ಟೆಯಲ್ಲಿ 6, ಹಸಿ ಬೇಳೆ 50 ಗ್ರಾಮಿನಲ್ಲಿ 11. ತಿಳಿಸಾರಿನ ತಿಳಿಯಲ್ಲಿ ಪ್ರೋಟೀನ್ ಇಲ್ಲ ಸ್ವಾಮಿ, ಅದು ತಳದಲ್ಲಿದೆ.

‘ನ್ಯಾಚುರಲ್’ ಅಂತ ಧೈರ್ಯ ಬೇಡ. ಅಶ್ವಗಂಧ, ಅಮೃತಬಳ್ಳಿ, ಕರಿಮೆಣಸಿನ ಸತ್ವ ಸೇರಿಸಿದ ಅರಿಶಿನದ ಕ್ಯಾಪ್ಸೂಲು, ಈ ಮೂರರಿಂದಲೂ ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ದಿನಕ್ಕೆ ಒಂದು ಗ್ರಾಂ ಸತ್ವಕ್ಕೂ ಸಂಬಂಧ ಇಲ್ಲ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಅದೇ ದಿನ ನಿಲ್ಲಿಸಿ ಆಸ್ಪತ್ರೆಗೆ.

ಐಸ್_ಬಕೆಟ್

ಇದೇನ್ರಪ್ಪಾ, ಬಯೋಹ್ಯಾಕಿಂಗ್ ಕೇಳಿದರೆ ಅಜ್ಜನ ಲೆಕ್ಕ ಹೇಳ್ತಿದ್ದೀರಿ. ಟೇಪು ಯಾಕೆ, ಸ್ಟ್ರಿಪ್ ಯಾಕೆ? 72 ಗಂಟೆ ಬರೀ ನೀರಿನ ಉಪವಾಸ, ದಿನಾ ಬೆಳಿಗ್ಗೆ ಐಸ್ ನೀರಿನ ಬಕೆಟ್. ಖರ್ಚು ಸೊನ್ನೆ. ಅಪ್ಪನನ್ನೂ ಸೇರಿಸಿಕೊಳ್ಳಿ, ಶುಗರ್ ರಿವರ್ಸ್ ಆಗುತ್ತೆ.

ಗುಳಿಗೆ_ಡಬ್ಬಿ

ಅಪ್ಪನನ್ನು ಸೇರಿಸಿಕೊಳ್ಳುವ ಸಲಹೆಯನ್ನು ದಯವಿಟ್ಟು ವಾಪಸ್ ತಗೊಳ್ಳಿ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಊಟ ಬಿಟ್ಟು ಔಷಧ ಮುಂದುವರಿಸಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಇದ್ದರೆ ಇನ್ನೊಂದು ಅಪಾಯ: ಉಪವಾಸದಲ್ಲಿ ರಕ್ತ ಆಮ್ಲೀಯವಾಗುತ್ತೆ, ಮೀಟರಿನಲ್ಲಿ ಸಕ್ಕರೆ ಮಾತ್ರ ಹೆಚ್ಚುಕಡಿಮೆ ಸರಿಯಾಗೇ ಕಾಣಿಸುತ್ತಿರುತ್ತೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದಾಗ ‘ಶುಗರ್ ಸರಿ ಇದೆಯಲ್ಲ’ ಅಂತ ಮನೆಯಲ್ಲೇ ಕೂರಿಸಿಕೊಂಡರೆ ಕಷ್ಟ.

ಔಷಧ ಇಲ್ಲದವರಿಗೆ ರಾತ್ರಿ ಎಂಟಕ್ಕೆ ಊಟ ಮುಗಿಸಿ ಬೆಳಿಗ್ಗೆ ಎಂಟೊಂಬತ್ತಕ್ಕೆ ತಿಂಡಿ, ಹನ್ನೆರಡು ಹದಿಮೂರು ಗಂಟೆ ಬಿಡುವು, ಯಾವ ತೊಂದರೆಯೂ ಇಲ್ಲ. ಐಸ್ ನೀರು ಮೈಮೇಲೆ ಬಿದ್ದ ಮೊದಲ ನಿಮಿಷ ಬಿಪಿ ಹಾರುತ್ತೆ, ಉಸಿರು ಹಿಡಿತ ತಪ್ಪುತ್ತೆ. ಹೃದಯದ ತೊಂದರೆ ಇದ್ದವರಿಗೆ ಬೇಡವೇ ಬೇಡ. ಭಾರ ಎತ್ತಿದ ಕೂಡಲೆ ತಣ್ಣೀರಲ್ಲಿ ಕೂತರೆ ಸ್ನಾಯು ಬೆಳೆಯುವುದೂ ಕುಂಠಿತವಾಗುತ್ತೆ.

ಚಿಕೋರಿ_ಬೇಡ

ನಿದ್ದೆಯ ಬಗ್ಗೆ ಯಾರೂ ಬರೆದಿಲ್ಲ. ಬಿಡಿಗಾಸಿನ ಖರ್ಚಿಲ್ಲದ್ದು ಇದೇ.

ಏಳುವ ಹೊತ್ತು ಒಂದೇ ಇರಲಿ, ಭಾನುವಾರವೂ. ಮಲಗುವ ಹೊತ್ತನ್ನು ಬಿಗಿಯಾಗಿ ಹಿಡಿಯಲು ಹೋಗಬೇಡಿ, ನಿದ್ದೆಯನ್ನು ಕರೆದರೆ ಬರಲ್ಲ. ಎದ್ದ ಒಂದು ಗಂಟೆಯೊಳಗೆ ಹತ್ತಿಪ್ಪತ್ತು ನಿಮಿಷ ಮನೆಯ ಹೊರಗಿರಿ. ವಿಟಮಿನ್ ಡಿಗೆ ಬಾರದ ಎಳೆಬಿಸಿಲು ಇಲ್ಲಿ ಬರುತ್ತೆ, ಇದು ಕಣ್ಣಿನ ಮೂಲಕ ಮೆದುಳಿನ ಗಡಿಯಾರಕ್ಕೆ. ಮೋಡ ಕವಿದಿದ್ದರೂ ಹೊರಗೆ ಸಾವಿರಗಟ್ಟಲೆ ಲಕ್ಸ್ (ಬೆಳಕಿನ ಅಳತೆ) ಬೆಳಕಿರುತ್ತೆ, ಟ್ಯೂಬ್‌ಲೈಟಿನ ಕೋಣೆಯಲ್ಲಿ ಇನ್ನೂರು ಮುನ್ನೂರು.

ಕಾಫಿ: 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್, ಟೀಯಲ್ಲಿ 30ರಿಂದ 65. ಐಸಿಎಂಆರ್ ದಿನಕ್ಕೆ 300 ಮಿತಿ ಹೇಳುತ್ತೆ. ಸುಮಾರು ಐದು ಗಂಟೆಗೊಮ್ಮೆ ಅರ್ಧ ಕರಗುತ್ತೆ. ಸಂಜೆ ಐದಕ್ಕೆ 100 ಕುಡಿದರೆ ರಾತ್ರಿ ಹತ್ತಕ್ಕೆ 50 ಇನ್ನೂ ರಕ್ತದಲ್ಲಿದೆ, ಅಂದರೆ ಮಲಗುವಾಗ ಒಂದು ಲೋಟ ಟೀ ಕುಡಿದ ಹಾಗೆ. ‘ನನಗೆ ಕಾಫಿ ಕುಡಿದೂ ನಿದ್ದೆ ಬರುತ್ತೆ’ ಅನ್ನೋರಿಗೆ ಬರುತ್ತೆ, ಆಳ ಮಾತ್ರ ಕಡಿಮೆಯಾಗಿರುತ್ತೆ. ಹದಿನಾಲ್ಕು ದಿನ ಮಧ್ಯಾಹ್ನ ಎರಡರ ಮೇಲೆ ಕಾಫಿ ಬಿಟ್ಟು ಬೆಳಗಿನ ನಾಡಿ, ಎಚ್ಚರವಾದ ಸಲ, ಎರಡನ್ನೂ ಬರೆದು ನೋಡಿ.

ಥಟ್ಟನೆ ಬಿಟ್ಟರೆ ಎರಡನೇ ದಿನ ತಲೆನೋವು ಗ್ಯಾರಂಟಿ. ಪುಡಿ ಅಂಗಡಿಯಲ್ಲಿ ಇಳಿಸುತ್ತಾ ಹೋಗಿ: ಶುದ್ಧ ಕಾಫಿಯಿಂದ 80-20, ವಾರ ಬಿಟ್ಟು 70-30, ಆಮೇಲೆ 60-40. ಚಿಕೋರಿಯಲ್ಲಿ ಕೆಫೀನ್ ಇಲ್ಲ. ನನ್ನ ಹೆಸರಿಗೆ ವಿರುದ್ಧವಾದ ಸಲಹೆ, ರುಚಿಯ ಪಾಪ ನನ್ನ ತಲೆಗೇ ಇರಲಿ. ಊಟದ ಹಿಂದೆ ಮುಂದೆ ಒಂದು ಗಂಟೆ ಕಾಫಿ ಟೀ ಬೇಡ, ಕಾಳು ಸೊಪ್ಪಿನ ಕಬ್ಬಿಣ ಮೈಗೆ ಹತ್ತಲ್ಲ.

ಸ್ಮಾರ್ಟ್ ವಾಚು ಇದ್ದರೆ ಎಷ್ಟೊತ್ತು ಮಲಗಿದಿರಿ ಅನ್ನೋದನ್ನು ನಂಬಿ, ‘ಗಾಢ ನಿದ್ದೆ 42 ನಿಮಿಷ’ ಅನ್ನೋದನ್ನು ನಂಬಬೇಡಿ. ಮಣಿಕಟ್ಟಿನಿಂದ ಮೆದುಳಿನ ಅಲೆ ಕಾಣಲ್ಲ. ಅದಕ್ಕಿಂತ ಮೊದಲು ಟೇಪನ್ನು ಕುತ್ತಿಗೆಗೆ ಸುತ್ತಿ ನೋಡಿ. 40 ಸೆಂ.ಮೀ. ದಾಟಿದ್ದು, ಜೋರು ಗೊರಕೆ, ಹಗಲಲ್ಲಿ ತೂಕಡಿಕೆಯೂ ಇದ್ದರೆ ಅದು ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇರಬಹುದು. ಅದನ್ನು ಯಾವ ಹ್ಯಾಕೂ ಸರಿಮಾಡಲ್ಲ, ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಮೊದಲ ತಿಂಗಳು ಬರೀ ಅಳತೆ ಮತ್ತು ಆ ಅನ್ನ-ಪಲ್ಯದ ಪ್ರಯೋಗ, ಬೇರೇನೂ ಬದಲಾಯಿಸಲ್ಲ. ಎರಡನೇ ತಿಂಗಳು ಕಾಫಿ. ಒಂದು ಸಣ್ಣ ಅನುಮಾನ ಉಳಿದಿದೆ: ನನ್ನ ಮೀಟರಿನ ಚುಚ್ಚುವ ಪೆನ್ನು ಸರಿಯಾಗಿ ಲಾಕ್ ಆಗ್ತಿಲ್ಲ. ಅಪ್ಪನದ್ದು ಚೆನ್ನಾಗಿದೆ. ಸೂಜಿ ಮಾತ್ರ ಬದಲಿಸಿಕೊಂಡು ಅದನ್ನೇ ಇಬ್ಬರೂ ಬಳಸಬಹುದಲ್ಲಾ?

ಗುಳಿಗೆ_ಡಬ್ಬಿ

ಬೇಡ. ಸೂಜಿ ಹೊಸದಾದರೂ ಪೆನ್ನಿನ ಮೂತಿಯಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇರುತ್ತೆ. ಹೆಪಟೈಟಿಸ್ ಬಿ ವೈರಸ್ಸು ಒಣಗಿದ ಜಾಗದಲ್ಲೂ ಏಳು ದಿನ ಬದುಕಿರುತ್ತೆ. ಅಪ್ಪ ಮಗ ಆದರೂ ಪೆನ್ನು ಬೇರೆ ಬೇರೆ. ಬಿಡಿ ಪೆನ್ನು ಔಷಧ ಅಂಗಡಿಯಲ್ಲಿ ಸಿಗುತ್ತೆ; ಇಲ್ಲವಾದರೆ ಒಮ್ಮೆ ಒತ್ತಿದರೆ ತಾನೇ ಒಳಗೆ ಸರಿದುಕೊಳ್ಳುವ ಒಂದೇ ಬಳಕೆಯ ಸೂಜಿ ಕೇಳಿ, ಅದಕ್ಕೆ ಪೆನ್ನೇ ಬೇಕಿಲ್ಲ.

ಬಳಸಿದ ಸೂಜಿಯನ್ನು ಕಸದ ಕವರಿಗೆ ಹಾಕಬೇಡಿ, ಕಸ ಬೇರ್ಪಡಿಸುವವರ ಕೈಗೆ ಚುಚ್ಚುತ್ತೆ. ಖಾಲಿಯಾದ ಟಾಯ್ಲೆಟ್ ಕ್ಲೀನರ್ ಬಾಟಲಿ ದಪ್ಪ ಇರುತ್ತೆ, ಅದರೊಳಗೆ ಹಾಕುತ್ತಾ ಹೋಗಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಅಂಟುಟೇಪು ಸುತ್ತಿ, ಮೇಲೆ ‘ಸೂಜಿ ಇದೆ’ ಅಂತ ದೊಡ್ಡದಾಗಿ ಬರೆದು, ಹತ್ತಿರದ ಕ್ಲಿನಿಕ್ಕಿನಲ್ಲೋ ಲ್ಯಾಬಿನಲ್ಲೋ ಅವರ ಸೂಜಿ ಕಸದ ಜೊತೆ ಕಳಿಸ್ತೀರಾ ಅಂತ ಕೇಳಿ ಕೊಡಿ.